ಒಂದು ಚೀಲ ಮಂಡಕ್ಕಿ

ಈ ತಿಂಗಳ ಸಂತೆಯನ್ನೆಲ್ಲ ನಾನೇ ಮಾಡಿ, ಉಳಿತಾಯ ಅಂದರೇನು ಅಂತ ಇಡೀ ಕೊಟ್ಟೂರಿಗೆ ತೋರಿಸುತ್ತೇನೆ! ಹೀಗಂತ ಪಣ ತೊಟ್ಟವಳು ನಾನೇ. ಓದಿದ್ದು ಎರಡನೇ ಕ್ಲಾಸು, ಆದರೆ ನಾಲ್ಕು ಜನ ಮಾತಾಡುವ ಕಡೆ ಕಿವಿಯಿಟ್ಟು ಕಲಿತದ್ದು ಬಹಳ. ಮಂಡಕ್ಕಿಯನ್ನು ಬೊಮ್ಮಪ್ಪನ ಅಂಗಡಿಯಲ್ಲಿ ಸೇರಿನ ಲೆಕ್ಕದಲ್ಲಿ ಕೊಳ್ಳುವವರು ದಡ್ಡರು, ಮಂಡಕ್ಕಿ ಹುರಿಯುವ ಭಟ್ಟಿಗೇ ಹೋಗಿ ಚೀಲ ಎತ್ತಿದರೆ ಅರ್ಧಕ್ಕರ್ಧ ಅಗ್ಗ ಅಂತ ನಲ್ಲಿಯ ಹತ್ತಿರ ಕೇಳಿಸಿಕೊಂಡಿದ್ದೆ.

ತಿಂಗಳು ಹುಟ್ಟಿದ ದಿನವೇ ನಮ್ಮ ಯಜಮಾನರು ಇಡೀ ತಿಂಗಳ ಖರ್ಚಿನ ದುಡ್ಡಿದ್ದ ತಮ್ಮ ರೆಕ್ಸಿನ್ ಪಾಕೀಟನ್ನು ನನ್ನ ಕೈಗಿಟ್ಟರು. "ಉಳಿಸಿ ತೋರ್ಸಿದ್ರ ಇದು ಕಾಯಂ ನಿಂದ. ಇಲ್ಲಂದ್ರ ತಿರುಗಿ ತಂದು ನನ್ ಮುಂದ ಇಡಬೇಕು ನೋಡು."

ಮದುವೆಯಾದಾಗಿನಿಂದ ಒಂದು ಡಬ್ಬಿ ಕುಂಕುಮಕ್ಕೂ ಆ ಪಾಕೀಟಿನ ಮುಂದೆ ಕೈಚಾಚಿದವಳು ನಾನು. ಬಿಡುತ್ತೇನೆಯೇ!

ನೆಟ್ಟಗೆ ಭಟ್ಟಿಗೆ ಹೋದೆ. ದೊಡ್ಡ ಚೀಲವನ್ನೇ ಆರಿಸಿದೆ. ಕೈಗಾಡಿಯವನು ಬಾಡಿಗೆ ಕೇಳಿದ. ಮಂಡಕ್ಕಿಗೆ ಭಾರವಿದೆಯೇ? ಅದನ್ನೂ ಉಳಿಸೋಣ ಅಂತ ಸೆರಗನ್ನೇ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡೆ. ಭಾರವೇನೋ ಇರಲಿಲ್ಲ, ಆದರೆ ಚೀಲ ಕಣ್ಣಿನವರೆಗೆ ಇಳಿದು ಕೂತಿತು. ದಾರಿಯನ್ನು ಕಾಲ್ಬೆರಳಲ್ಲೇ ಹುಡುಕುತ್ತ ಬಜಾರದ ನಟ್ಟನಡುವೆ ಮೆರವಣಿಗೆ ಹೊರಟೆ. ಜನ ಎದ್ದು ನಿಂತು ನೋಡುತ್ತಿದ್ದುದು ತಿಳಿಯುತ್ತಿತ್ತು. ನನ್ನ ಉಳಿತಾಯಕ್ಕೆ ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡೆ.

ನಮ್ಮ ಕಡೆ ಒಂದು ಮನೆಗೆ ಚೀಲಗಟ್ಟಲೆ ಮಂಡಕ್ಕಿ ಬಂತು ಅಂದರೆ ಬೀಗರು ಬರುತ್ತಾರೆ ಅಂತಲೇ ಅರ್ಥ. ನಮ್ಮ ಮಗಳು ಸುಕನ್ಯಾ ಬೇರೆ ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ಉಳಿತಾಯದ ಹುರುಪಿನಲ್ಲಿ ಇದೊಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಚೀಲ ಇಳಿಸುವ ಮೊದಲೇ ಪಕ್ಕದ ಮನೆಯ ಹಂಪಕ್ಕ ಹಾಜರು. ಗಂಡು ಯಾವ ಊರಿನವನು ಅಂತ ಕೇಳಿದಳು. ಗಂಡೂ ಇಲ್ಲ ಗಿಂಡೂ ಇಲ್ಲ, ಅಗ್ಗ ಸಿಕ್ಕಿತು ತಂದೆ ಅಂದೆ. ಅವಳು ನನ್ನ ಕೈ ಒತ್ತಿ, "ಗಟ್ಟಿ ಆಗೋತನ ಹೇಳಬಾರದು ಬಿಡಕ್ಕ, ದೃಷ್ಟಿ ಆಕ್ಕೈತಿ" ಅಂದು ಗೋಡೆಗೆ ಒರಗಿ ಕೂತಳು.

ಅಷ್ಟು ದೊಡ್ಡ ಚೀಲ ಎದುರಿಗೇ ಇದ್ದಾಗ ಬರೀ ಬಾಯಲ್ಲಿ ಕಳಿಸಲಾದೀತೇ? ಒಗ್ಗರಣೆ ಹಾಕಿದೆ. ಒಗ್ಗರಣೆ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ಊರಲ್ಲಿ ಮಾನವೇ ಉಳಿಯದು. ಎಣ್ಣೆ ಕಾಯಲಿಟ್ಟೆ. ಚೀಲ ನೋಡದವರನ್ನು ಬಜ್ಜಿಯ ವಾಸನೆ ಕರೆತಂದಿತು. ಎದುರುಮನೆಯ ಮಾಳಮ್ಮ ಬಂದಳು, ಅವಳ ಅತ್ತೆ ಬಂದಳು, ಹಿಂದಿನ ಓಣಿಯೇ ಬಂತು. ಇಲ್ಲ ಇಲ್ಲ ಅಂದಷ್ಟೂ ಕಣ್ಣು ಮಿಟುಕಿಸಿ ಇನ್ನೊಂದು ತಟ್ಟೆ ತಿಂದರು. ಎಣ್ಣೆ ತಳ ಕಂಡಿತು, ಸಕ್ಕರೆ ಮುಗಿಯಿತು, ಹಾಲಿನವಳು ಎರಡು ಸಲ ಬಂದಳು. ಕಡಲೆಹಿಟ್ಟಿಗೆ ಬೊಮ್ಮಪ್ಪನ ಅಂಗಡಿಗೇ ಓಡಬೇಕಾಯಿತು. ಶುಭಕಾರ್ಯಕ್ಕೆ ಚೌಕಾಸಿ ಮಾಡಬಾರದು ಅಂತ ಅವನು ಮೊದಲ ದರ್ಜೆಯ ಹಿಟ್ಟನ್ನೇ ಕಟ್ಟಿಕೊಟ್ಟ!

ಒಲೆಯ ಮುಂದೆ ಬೆವರುತ್ತಿದ್ದ ಸುಕನ್ಯಾ ಕೇಳಿದಳು: "ಯವ್ವಾ, ಇಷ್ಟು ಬಜ್ಜಿ ಕರದೀನಿ. ಬಂದೋರಾಗ ಒಬ್ಬನಾದ್ರೂ ಗಂಡು ಅದಾನೇನು ನೋಡು."

ಗಂಡು ಬರಲಿಲ್ಲ. ಹಂಪಕ್ಕ ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದ್ದರಿಂದ ಸಂಜೆ ಬಸ್ಸಿಗೆ ಹರಪನಹಳ್ಳಿಯಿಂದ ನನ್ನ ನಾದಿನಿ ಶಿವಮ್ಮ ಬಂದಳು. ಹೊಸ್ತಿಲು ದಾಟಲೊಲ್ಲಳು.

"ಇದ್ದಾಕಿ ಒಬ್ಬಾಕಿ ಸೋದರತ್ತಿ. ನನಗ ಹೇಳದಂಗ ಗಂಡು ಗೊತ್ತು ಮಾಡೀರಲ್ಲ, ನಾ ಸತ್ತೀನೇನು?"

ಗಂಡೇ ಇಲ್ಲ ಅಂತ ಆಣೆ ಮಾಡಿದೆ. ಹಾಗಾದರೆ ನನ್ನನ್ನು ಸುಮ್ಮನೆ ಬಸ್ ಹತ್ತಿಸಿದಿರಾ ಅಂತ ಮತ್ತೆ ಮುನಿದಳು. ಕಡೆಗೆ ಒಂದು ಸೀರೆ, ಒಂದು ಕುಬುಸದ ಖಣ ತರಿಸಿ ಉಡಿ ತುಂಬಿದ ಮೇಲೆಯೇ ಒಳಗೆ ಬಂದು, ಕೊನೆಯ ತಟ್ಟೆ ಮಂಡಕ್ಕಿಯನ್ನು ನಗುನಗುತ್ತ ತಿಂದಳು.

ದೀಪ ಹಚ್ಚುವ ಹೊತ್ತಿಗೆ ಚೀಲ ಮಡಚಿ ಮೂಲೆ ಸೇರಿತ್ತು. ನಾನು ಎರಡೂ ಕೈಯಲ್ಲಿ ಪಾಕೀಟು ಹಿಡಿದು, ಸೋತ ರಾಣಿ ಕತ್ತಿ ಒಪ್ಪಿಸುವ ಹಾಗೆ ಯಜಮಾನರ ಮುಂದೆ ಇಟ್ಟೆ. ಅವರು ತೆರೆದು ನೋಡಿದರು. ತಲೆಕೆಳಗು ಮಾಡಿ ಕೊಡವಿದರು. ಮತ್ತೆ ನನ್ನ ಕೈಗೇ ಕೊಟ್ಟರು.

"ನಿನ್ ಹತ್ರಾನ ಇರ್ಲಿ. ನೀ ಗೆದ್ದಿ ಬಿಡು. ಇನ್ನ ತಿಂಗಳು ಮುಗಿಯೋತನ ಇದರಾಗಿಂದ ಒಂದು ಪೈಸಾನೂ ಖರ್ಚಾಗಂಗಿಲ್ಲ."