ಥರ್ಮೋಕೋಲಿನ ಕೆಳಗಿದ್ದ ಬಿಲ್

ಬನಿಯನ್ನಿಗೊಂದು ಜೇಬಿದ್ದಿದ್ದರೆ ಗವಿಪುರಂನ ರಾಮಾಂಜಿನಪ್ಪನವರ ಮಾನ ಅವತ್ತು ಉಳಿಯುತ್ತಿತ್ತೋ ಏನೋ. ಬನಿಯನ್ ಮಾಡುವವರಿಗೆ ನಿವೃತ್ತ ಗುಮಾಸ್ತರ ಕಷ್ಟಸುಖ ಎಲ್ಲಿ ಗೊತ್ತಾಗಬೇಕು!

ಬೆಳಿಗ್ಗೆ ಎರಡನೇ ಕಾಫಿ ಕೊಡುತ್ತಾ ಹೆಂಡತಿ ನರಸಮ್ಮ, "ರೀ, ಅಟ್ಟದ ಮೇಲಿರೋ ಕಂಪ್ಯೂಟರ್ ಇಳಿಸ್ಬೇಕು. ಅನಿರುದ್ಧ ಅಂತ ಒಬ್ರು ಹನ್ನೊಂದಕ್ಕೆ ಬರ್ತಾರೆ, ಹಳೇ ಕಂಪ್ಯೂಟರ್ ಕೊಂಡ್ಕೊಳ್ತಾರಂತೆ. ಮಹಡಿ ಮನೆ ವೇಣುಗೋಪಾಲ್ ಗೊತ್ತು ಮಾಡಿದಾರೆ" ಎಂದರು.

ಕಾಫಿ ಗಂಟಲಲ್ಲೇ ನಿಂತಿತು. ಕಂಪ್ಯೂಟರ್ ಹೋಗುತ್ತದಲ್ಲ ಎಂಬ ಸಂಕಟ ಒಂದು ಕಡೆ. ಅದರ ಡಬ್ಬದಲ್ಲಿ, ಥರ್ಮೋಕೋಲಿನ ಕೆಳಗೆ ಮಡಿಸಿಟ್ಟಿದ್ದ ಬಿಲ್ ಸಿಕ್ಕಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ತೊಂಬತ್ತೈದರಲ್ಲಿ ಅದನ್ನು ಮನೆಗೆ ತಂದಾಗ, "ಆಫೀಸಿನ ಹಳೇದು, ಹನ್ನೆರಡು ಸಾವಿರಕ್ಕೆ ಸಿಕ್ತು" ಎಂದು ಹೆಂಡತಿಗೆ ಹೇಳಿದ್ದರು. ಬಿಲ್ಲಿನಲ್ಲಿದ್ದದ್ದು ಅರವತ್ತೊಂದು ಸಾವಿರದ ಐನೂರು! ಅದಕ್ಕಾಗಿ ಕೆಂಗೇರಿ ಕಡೆಯ ಮೂವತ್ತು ನಲವತ್ತರ ಸೈಟನ್ನು ಗುಟ್ಟಾಗಿ ಮಾರಿ, "ಸೈಟು ಕೋರ್ಟಲ್ಲಿ ಸಿಕ್ಕಾಕ್ಕೊಂಡಿದೆ" ಎಂದು ಇನ್ನೊಂದು ಸುಳ್ಳು ಪೋಣಿಸಿದ್ದರು. ಪಾಪ, ನರಸಮ್ಮ ಅಂದಿನಿಂದ ಪ್ರತಿ ಸೋಮವಾರ ಗವಿ ಗಂಗಾಧರೇಶ್ವರನಿಗೆ ದೀಪ ಹಚ್ಚುತ್ತಾ ಬಂದಿದ್ದರು. ಈಗ ಆ ಸೈಟಿನ ಪಕ್ಕದಲ್ಲೇ ಮೆಟ್ರೋ ಓಡಾಡುತ್ತದೆ. ಇವರು ಇನ್ನೂ ಅದೇ ಬಾಡಿಗೆ ಮನೆಯಲ್ಲಿದ್ದಾರೆ.

ಬಿಲ್ ಹರಿದು ಬಿಸಾಡಬಹುದಿತ್ತಲ್ಲ ಎನ್ನುತ್ತೀರಾ? ಮೂವತ್ತೆರಡು ವರ್ಷ ಫೈಲು ಕಾಯ್ದವರಿಗೆ ಕಾಗದ ಹರಿಯಲು ಕೈ ಬರುವುದಿಲ್ಲ. ಸಾಲದ್ದಕ್ಕೆ ಅದರ ಹಿಂಭಾಗದಲ್ಲಿ ಸೈಟಿನ ಲೆಕ್ಕವನ್ನೂ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು.

"ಸೊಂಟ ಹಿಡ್ಕೊಂಡಿದೆ ಕಣೇ, ನಾಳೆ ಇಳಿಸ್ತೀನಿ."

"ನೀವ್ಯಾಕೆ ಹತ್ತೋದು? ವೇಣುಗೋಪಾಲ್ ಹತ್ತುತಾರೆ."

"ಬೇಡ ಬೇಡ! ಅಟ್ಟದ ಮೇಲೆ ಹೆಗ್ಗಣ ಇದೆ."

ಅಷ್ಟರಲ್ಲಿ ವೇಣುಗೋಪಾಲ್ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ದೊಣ್ಣೆ ಹಿಡಿದು ಬಂದೇಬಿಟ್ಟರು. ಕರೆಯದಿದ್ದರೂ ಎಲ್ಲ ಕೆಲಸಕ್ಕೂ ಮೊದಲು ಹಾಜರಾಗುವ ಆಸಾಮಿ. "ಎಲ್ರೀ ಹೆಗ್ಗಣ, ರಾಮಾಂಜಿನಪ್ಪನೋರೇ? ಇವತ್ತು ಒಂದು ಕೈ ನೋಡೇಬಿಡ್ತೀನಿ!"

ಕೊನೆಗೆ, ಪರರ ಕೈಗೆ ಬಿಲ್ ಸಿಗುವುದಕ್ಕಿಂತ ತಮ್ಮ ಸೊಂಟ ಮುರಿಯುವುದೇ ಮೇಲೆಂದು ರಾಮಾಂಜಿನಪ್ಪನವರೇ ಏಣಿ ಹತ್ತಿದರು. ಮಾನಿಟರಿನ ಡಬ್ಬ ಇಳಿಯುವಷ್ಟರಲ್ಲಿ ತಲೆಯ ತುಂಬಾ ಧೂಳು, ಪಂಚೆಯ ತುಂಬಾ ಜೇಡರಬಲೆ. ನರಸಮ್ಮ ಕೋಡುಬಳೆಯ ತಟ್ಟೆ ತಂದಿಟ್ಟು ಒಳಗೆ ಹೋದರು. ವೇಣುಗೋಪಾಲ್ ಏಣಿಯನ್ನು ಗೋಡೆಗೆ ಒರಗಿಸಲು ತಿರುಗಿದರು. ಇದೇ ಸಮಯ ಎಂದು ಡಬ್ಬದೊಳಗೆ ಕೈ ಹಾಕಿದ ರಾಮಾಂಜಿನಪ್ಪನವರು ಹಾಗೇ ನಿಂತುಬಿಟ್ಟರು.

ಅದೇ ವಾಸನೆ. ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ ಮೂವತ್ತು ವರ್ಷವಾದರೂ ಡಬ್ಬದ ಮೂಲೆಯಲ್ಲಿ ಉಳಿದಿತ್ತು. ಆಗ ಮಗಳು ಹರ್ಷಿತಾಗೆ ಹತ್ತು ವರ್ಷ. ಸ್ಕೂಲಿನಿಂದ ಬರುವಾಗ ದಿನಾ ಕಂಪ್ಯೂಟರ್ ಕ್ಲಾಸಿನ ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದಳು. ಅದನ್ನು ಒಂದು ಸಂಜೆ ನೋಡಿದ ಮೇಲೆ ಅಪ್ಪನಿಗೆ ನಿದ್ದೆ ಹತ್ತಿರಲಿಲ್ಲ. ಕಂಪ್ಯೂಟರ್ ಬಂದ ದಿನ ಬೀದಿಯವರೆಲ್ಲ ಹೊಸಿಲಾಚೆ ಚಪ್ಪಲಿ ಬಿಟ್ಟು, ಗುಡಿಗೆ ಬಂದವರಂತೆ ಕೈ ಕಟ್ಟಿ ನಿಂತಿದ್ದರು. ನರಸಮ್ಮ ಮಾನಿಟರಿಗೆ ಕುಂಕುಮ ಇಟ್ಟು, ತಮ್ಮ ರೇಷ್ಮೆಯ ಬ್ಲೌಸ್ ಪೀಸಿನಲ್ಲಿ ಅದಕ್ಕೊಂದು ಹೊದಿಕೆ ಹೊಲಿದಿದ್ದರು. ಹರ್ಷಿತಾ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಪರದೆಯ ಮೇಲೆ ತನ್ನ ಹೆಸರು ಮೂಡಿದಾಗ ಅಪ್ಪನ ಕುತ್ತಿಗೆಗೆ ಜೋತುಬಿದ್ದಿದ್ದಳು. ಈಗ ಮಗಳು ಅವಳ ಮನೆಯಲ್ಲಿ. ಇಲ್ಲಿ ಎರಡು ಫೋನು, ಎರಡು ಮೂಲೆ. ಆ ಸಂಜೆ ಮತ್ತೆ ಬರುವುದಾದರೆ ರಾಮಾಂಜಿನಪ್ಪನವರು ಇನ್ನೊಂದು ಸೈಟು ಮಾರುತ್ತಿದ್ದರು, ಆದರೆ ಮಾರಲು ಇನ್ನೊಂದು ಇರಲಿಲ್ಲ.

ಹೀಗೆ ಕಣ್ಣು ತೇವ ಮಾಡಿಕೊಂಡು ನಿಂತದ್ದೇ ತಪ್ಪಾಯಿತು. ಬಿಲ್ ಕೈಗೆ ಬರುವುದಕ್ಕೂ ಒಳಗಿನಿಂದ ನರಸಮ್ಮನ ಬಳೆ ಸದ್ದಾಗುವುದಕ್ಕೂ ಸರಿಹೋಯಿತು. ಅತ್ತ ವೇಣುಗೋಪಾಲ್ ಕೂಡ ಈ ಕಡೆ ತಿರುಗುತ್ತಿದ್ದಾರೆ. ಬನಿಯನ್ನಿಗೆ ಜೇಬಿಲ್ಲ. ಪಂಚೆಯ ಗಂಟು ಏಣಿ ಹತ್ತಿ ಇಳಿದು ಮೊದಲೇ ಸಡಿಲವಾಗಿದೆ. ಬಿಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿ, ಮೇಲೊಂದು ಕೋಡುಬಳೆ ಇಟ್ಟು ಜಗಿದರು.

"ನೀರು ಕೊಡ್ಲಾ?" ಎಂದರು ನರಸಮ್ಮ, ಅವರ ಉಬ್ಬಿದ ಕಣ್ಣು ನೋಡಿ.

ಎರಡು ಲೋಟ ನೀರು ಹೋಯಿತು. ಮೂವತ್ತು ವರ್ಷದ ಭಾರ ಹೊಟ್ಟೆಗಿಳಿಯಿತು. ಅಬ್ಬಾ, ಗೆದ್ದೆ ಎಂದುಕೊಂಡು ಕುರ್ಚಿಯಲ್ಲಿ ಕೂತರು.

ಹನ್ನೊಂದಕ್ಕೆ ಸರಿಯಾಗಿ ಅನಿರುದ್ಧ ಬಂದ. ಕಂಪ್ಯೂಟರನ್ನು ಅತ್ತಿತ್ತ ನೋಡಿ, "ಸಾರ್, ಇಂಥದ್ದು ನನ್ ಹತ್ರ ಹದಿನಾಲ್ಕಿದೆ. ನಂಗೆ ಬೇಕಿರೋದು ಬಿಲ್. ಆಗಿನವರು ಎಷ್ಟು ಕಷ್ಟಪಟ್ಟು ಇದನ್ನ ತಂದ್ರು ಅಂತ ತೋರಿಸೋಕೆ ಬಸವನಗುಡೀಲಿ ಪ್ರದರ್ಶನ ಇಡ್ತಿದೀನಿ. ಒರಿಜಿನಲ್ ಬಿಲ್ ಇದ್ರೆ ಅದರಲ್ಲಿರೋ ಪೂರ್ತಿ ದುಡ್ಡು ಕೊಡ್ತೀನಿ. ಇಲ್ದಿದ್ರೆ ಎಂಟ್ನೂರು ರೂಪಾಯಿ" ಎಂದ.

"ಇದೆಯಲ್ಲಪ್ಪ," ಎಂದರು ನರಸಮ್ಮ ತಣ್ಣಗೆ. "ಥರ್ಮೋಕೋಲ್ ಕೆಳಗಿದೆ ನೋಡು. ಅರವತ್ತೊಂದು ಸಾವಿರದ ಐನೂರು."

ರಾಮಾಂಜಿನಪ್ಪನವರಿಗೆ ಕೂತಲ್ಲೇ ಭೂಮಿ ಬಾಯಿಬಿಟ್ಟಂತಾಯಿತು. "ನಿಂಗೆ... ನಿಂಗೆ ಹೇಗೆ ಗೊತ್ತು?"

"ಆಫೀಸಿನ ಹಳೇ ಕಂಪ್ಯೂಟರ್ ಥರ್ಮೋಕೋಲ್ ಸಮೇತ ಬರುತ್ತೇನ್ರೀ? ಎರಡನೇ ದಿನಾನೇ ನೋಡ್ದೆ, ಹಿಂದುಗಡೆ ಇದ್ದ ನಿಮ್ ಲೆಕ್ಕಾನೂ ಓದ್ದೆ. ಜಗಳ ಆಡ್ಬೇಕು ಅಂತಲೇ ಹಾಲ್‌ಗೆ ಬಂದೆ. ನೀವೂ ಮಗಳೂ ಅದರ ಮುಂದೆ ಕೂತ್ಕೊಂಡು ನಗ್ತಿದ್ರಿ. ಬಾಯೇ ಬರ್ಲಿಲ್ಲ ನಂಗೆ."

"ಮತ್ತೆ ಆ ಸೋಮವಾರದ ದೀಪ?"

"ಅದು ಸೈಟಿಗಲ್ಲ. ಈ ವಾರವಾದ್ರೂ ನಿಮ್ ಬಾಯಲ್ಲಿ ನಿಜ ಬರ್ಲಿ ಅಂತ."

ರಾಮಾಂಜಿನಪ್ಪನವರು ಪಂಚೆಯ ಮೇಲಿನ ಜೇಡರಬಲೆ ಕೊಡವುತ್ತಾ, "ತಪ್ಪಾಯ್ತು ಕಣೇ" ಎಂದರು.

"ಆಯ್ತು ಬಿಡಿ. ಮೊದ್ಲು ಆ ಬಿಲ್ ತೆಗೆದು ಕೊಡಿ ಅವರಿಗೆ."

"ತಿಂದ್ಬಿಟ್ಟೆ."

"ನಾನಾಗ್ಲೇ ಅಂದ್ಕೊಂಡೆ," ಎಂದು ವೇಣುಗೋಪಾಲ್ ಮೂಗು ತೂರಿಸಿದರು, "ಕೋಡುಬಳೆ ಅಷ್ಟು ಸದ್ದಿಲ್ದೆ ಒಳಗೆ ಹೋಗಲ್ಲ ಅಂತ."

ಅನಿರುದ್ಧ ಸಂಕೋಚದಿಂದ ಎಂಟುನೂರು ರೂಪಾಯಿ ತೆಗೆದು ಮುಂದೆ ಹಿಡಿದ. ನರಸಮ್ಮ ಆ ನೋಟುಗಳನ್ನೂ ಕಂಪ್ಯೂಟರನ್ನೂ ಒಮ್ಮೆ ನೋಡಿದರು. ರೇಷ್ಮೆ ಹೊದಿಕೆಯ ಅಂಚಿನ ಧೂಳನ್ನು ಸೆರಗಿನಿಂದ ಒರೆಸಿದರು.

"ಇಟ್ಕೊಳಪ್ಪ ನಿನ್ ದುಡ್ಡು. ಇದು ನಮ್ ಸೈಟು. ಎಂಟ್ನೂರು ರೂಪಾಯಿಗೆ ಯಾರಾದ್ರೂ ಸೈಟ್ ಕೊಡ್ತಾರಾ?" ಎಂದವರೇ ಗಂಡನ ಕಡೆ ತಿರುಗಿ, "ಏನ್ ನೋಡ್ತಾ ಕೂತಿದೀರಿ? ಎತ್ತಿ ಮೇಲಿಡಿ" ಎಂದರು.

ವೇಣುಗೋಪಾಲ್ ಏಣಿ ಹಿಡಿದರು. ರಾಮಾಂಜಿನಪ್ಪನವರು ತಮ್ಮ ಮೂವತ್ತು ನಲವತ್ತರ ಸೈಟನ್ನು ಎದೆಗವಚಿಕೊಂಡು ಮೆಲ್ಲಗೆ ಅಟ್ಟ ಹತ್ತಿದರು.