ಕಬಡ್ಡಿಗೆ ಬಂದ ರೆಕ್ಕೆಯ ಕುದುರೆ

ಡ್ರಾಯಿಂಗ್ ಮೇಷ್ಟ್ರು ಅಂದರೆ ಬಣ್ಣ ಬಳಿದುಕೊಂಡು ತಣ್ಣಗಿರಬಹುದು ಅಂತ ನಂಬಿದವನು ನಾನು. ಆದರೆ ನಮ್ಮ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಇರೋ ತನಕ ಅದು ಆಗದ ಮಾತು. ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಸಾಗರ: ಕುದುರೆ ಹುಟ್ಟಿತು

ಮೂರು ತಾಲ್ಲೂಕಿನ ಹೈಸ್ಕೂಲ್ ಹುಡುಗಿಯರ ಕಬಡ್ಡಿ ನೋಡೋಕೆ ಜನವೇ ಬರುತ್ತಿರಲಿಲ್ಲ. ಈ ಸಲವೂ ಹೀಗೇ ಆದರೆ ಪಂದ್ಯವನ್ನೇ ನಿಲ್ಲಿಸೋದು ಅಂತ ಸಮಿತಿಯ ಅಧ್ಯಕ್ಷರು ಹೇಳಿಬಿಟ್ಟಿದ್ದರು. ಪಿ.ಟಿ. ಮೇಷ್ಟ್ರಿಗೆ ಊಟ ಸೇರಲಿಲ್ಲ.

"ದೊಡ್ಡ ಕೂಟಕ್ಕೆಲ್ಲ ಮ್ಯಾಸ್ಕಾಟ್ ಅಂತ ಒಂದು ವೇಷ ಇರ್ತದೆ ಮಾರಾಯ್ರೆ. ನಮಗೂ ಒಂದು ಮಾಡಿಕೊಡಿ" ಅಂದರು.

ನನಗೋ ಗ್ರೀಕ್ ಪುರಾಣದ ಹುಚ್ಚು. ಬಿದಿರು, ಫೋಮು, ಹೆಂಡತಿಯ ಬಿಳಿ ಸೀರೆ ಸೇರಿಸಿ ಪೆಗಾಸಸ್ ಅನ್ನೋ ರೆಕ್ಕೆಯ ಕುದುರೆ ಕಟ್ಟಿದೆ. ಹೆಡ್ ಮೇಡಂ ಅದಕ್ಕೊಂದು ಸುತ್ತು ಬಂದರು.

"ಇದು ಎಂತ ಮಾಡ್ತದೆ?"

"ವೀರರನ್ನ ಬೆನ್ನ ಮೇಲೆ ಕೂರಿಸ್ಕೊಂಡು ಹಾರುತ್ತೆ ಮೇಡಂ."

"ಹೌದಾ? ಹಾಗಾದ್ರೆ ಸೆಮಿಫೈನಲ್ಲಿಗೆ ಹೊಸನಗರಕ್ಕೆ ಹೋಗೋಕೆ ಟೆಂಪೋ ಬೇಡ ಅಂತ ಹೇಳಿಬಿಡಿ."

ಹೊಸನಗರ: ಕುದುರೆ ಮಾತಾಡಿತು

ಕುದುರೆಯೊಳಗೆ ಹೊಕ್ಕವನು ನಮ್ಮ ಅಟೆಂಡರ್, ರಜೆ ಸಿಕ್ಕಾಗಲೆಲ್ಲ ಯಕ್ಷಗಾನದಲ್ಲಿ ವೇಷ ಮಾಡುವ ಆಸಾಮಿ. ಪೆಗಾಸಸ್ ಕಥೆಯನ್ನೆಲ್ಲ ನನ್ನಿಂದ ಕೇಳಿಕೊಂಡಿದ್ದ. ಮ್ಯಾಸ್ಕಾಟ್ ಮಾತಾಡಬಾರದು, ಕೈ ಬೀಸಿದರೆ ಸಾಕು ಅಂತ ಸಾರಿ ಸಾರಿ ಹೇಳಿದ್ದೆವು. ಸೆಮಿಫೈನಲ್ ಶುರುವಾಗಬೇಕು, ಬ್ಯಾಂಡಿನವರು ಡೋಲು ಬಾರಿಸಿದರು. ತಗೋ, ಕುದುರೆ ಅಂಕಣಕ್ಕೆ ನುಗ್ಗಿ ಗಿರಕಿ ಹೊಡೆದು ಗರ್ಜಿಸಿತು:

"ನಾನು ಯಾರೆಂದು ಕೇಳುವಿರೋ? ಹಾವಿನ ಜಡೆಯ ಮೆಡೂಸಾಳ ಕೊರಳಿನಿಂದ ಉದಿಸಿದ ಪೆಗಾಸಸನು ನಾನು!"

ರೈಡಿಗೆ ಹೊರಟಿದ್ದ ನಮ್ಮ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು.

"ಮಾತಾಡ್ಬೇಡ ಅಂದಿದ್ನಲ್ಲೋ!" ಪಿ.ಟಿ. ಮೇಷ್ಟ್ರು ಹಲ್ಲು ಕಡಿದರು.

"ವೇಷ ಕಟ್ಟಿ ಬಂದೋನು ಹೆಸ್ರು ಹೇಳ್ದೆ ಇದ್ರೆ ಹ್ಯಾಂಗೆ ಸರ್?" ಕುದುರೆಯ ಹೊಟ್ಟೆಯೊಳಗಿಂದ ಉತ್ತರ ಬಂತು.

ಸದ್ದು ಕೇಳಿ ಪೇಟೆಯ ಜನವೆಲ್ಲ ಬಂದರು. ನಮ್ಮವರು ಗೆದ್ದರು. ಪಿ.ಟಿ. ಮೇಷ್ಟ್ರು ಹಿಗ್ಗಿ ಹೀರೇಕಾಯಿ ಆಗಿದ್ದಾಗ ಹಿರಿಯರೊಬ್ಬರು ಬಂದು ಕೈ ಹಿಡಿದುಕೊಂಡರು.

"ಯಕ್ಷಗಾನ ಭಾರಿ ಚೆನ್ನಾಗಿತ್ತು. ಮಧ್ಯೆ ಮಧ್ಯೆ ಕಬಡ್ಡಿ ಯಾಕೆ ಹಾಕಿದ್ರಿ?"

ತೀರ್ಥಹಳ್ಳಿ: ಕುದುರೆ ಕೂತಿತು

ಸುದ್ದಿ ಹಬ್ಬಿ ಫೈನಲ್ಲಿಗೆ ಮೈದಾನ ತುಂಬಿತು. ಪಿ.ಟಿ. ಮೇಷ್ಟ್ರ ಮುಖ ಮಾತ್ರ ಬಾಡಿತ್ತು. "ಎಲ್ಲ ಕುದುರೆಗೆ ಬಂದೋರು. ನಮ್ಮ ಹುಡುಗೀರನ್ನ ಯಾರು ನೋಡ್ತಾರೆ?"

ಪಂದ್ಯ ಕೊನೆಯ ರೈಡಿನ ತನಕ ಸಮಸಮ ಹೋಯಿತು. ನಮ್ಮ ಗಿಡ್ಡ ಕ್ಯಾಪ್ಟನ್ "ಕಬಡ್ಡಿ ಕಬಡ್ಡಿ" ಅನ್ನುತ್ತಾ ಒಳಗೆ ಹೋದಳು. ಅಟೆಂಡರ್ ಕುಣಿಯೋದನ್ನೇ ಮರೆತು, ಗೆರೆಯ ಪಕ್ಕ ರೆಕ್ಕೆ ಅಗಲಿಸಿಕೊಂಡು ನೋಡುತ್ತಾ ನಿಂತಿದ್ದ. ಆಗ ಹಿಂದಿನಿಂದ ಒಂದು ಕೂಗು.

"ಏ ಕುದ್ರೆ! ಕೂತ್ಕಳಾ ಮಾರಾಯಾ! ಆಟ ಕಾಣ್ತಿಲ್ಲ!"

ತಿರುಗಿ ನೋಡಿದರೆ ಕುರ್ಚಿಯ ಮೇಲೆ ಹತ್ತಿ ನಿಂತ ಅಧ್ಯಕ್ಷರು! ಕುದುರೆ ದಡಕ್ಕನೆ ಕೂತಿತು. ಕಾಲಿಗೆ ಜೋತುಬಿದ್ದವರನ್ನು ಎಳೆದುಕೊಂಡೇ ಬಂದ ಹುಡುಗಿ ಬೆರಳ ತುದಿಯಲ್ಲಿ ಗೆರೆ ಮುಟ್ಟಿದಳು. ಮೈದಾನವೇ ಕುಣಿಯಿತು. ಪಿ.ಟಿ. ಮೇಷ್ಟ್ರು ಕುದುರೆಯ ಕತ್ತು ತಬ್ಬಿಕೊಂಡು ಅತ್ತೇಬಿಟ್ಟರು.

ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ಮುಂದಿನ ವರ್ಷನೂ ಪಂದ್ಯ ಇಡಲೇಬೇಕು. ಕುದುರೆನೂ ಬರ್ಲಿ. ಆ ರೆಕ್ಕೆ ಮಾತ್ರ ಬ್ಯಾಡ ಮೇಷ್ಟ್ರೆ, ಹುಡುಗೀರ ಆಟ ಕಾಣಲ್ಲ."