ಎರಡು ಕಮಾನಿನಷ್ಟು ಕಡಿಮೆ

ದೇಶದ ಸಾಲದ ಬಗ್ಗೆ ದೇಶಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಯಾರಾದರೂ ಇದ್ದರೆ ಅದು ನಮ್ಮಕ್ಕ. ಹಣಕಾಸು ಮಂತ್ರಿಗಳಿಗೆ ನಿದ್ದೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮಕ್ಕನಿಗಂತೂ ಬರುವುದಿಲ್ಲ! ಹಾಗಂತ ಅವಳೇನು ಅರ್ಥಶಾಸ್ತ್ರ ಓದಿದವಳಲ್ಲ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. (ಹೆಸರು ಹೇಳಲಾರೆ, ಹೇಳಿದರೆ ಅಲ್ಲಿ ನನ್ನ ಊಟ ಬಂದ್!) ಅಲ್ಲಿ ಖಾನಾವಳಿ ನಡೆಸುತ್ತಾಳೆ. ಸ್ವಂತಕ್ಕೆ ಯಾರ ಹತ್ತಿರವೂ ನಯಾಪೈಸೆ ಸಾಲ ಮಾಡಿದವಳಲ್ಲ. ಬಹುಶಃ ಅದೇ ತೊಂದರೆಯಾಗಿದ್ದು. ಚಿಂತೆ ಮಾಡಲು ತನ್ನ ಸಾಲವಿಲ್ಲದ್ದರಿಂದ ದೇಶದ್ದನ್ನೇ ಹಚ್ಚಿಕೊಂಡಳು.

ಶುರುವಾದದ್ದು ಹೋದ ಬಜೆಟ್ಟಿನ ದಿನ. ಖಾನಾವಳಿಯ ಟೀವಿಯಲ್ಲಿ ಯಾರೋ ಕೋಟು ಹಾಕಿದವರು, ದೇಶದ ಸಾಲವನ್ನು ಜನರಿಗೆ ಹಂಚಿದರೆ ಪ್ರತಿಯೊಬ್ಬರ ತಲೆಯ ಮೇಲೆ ಇಷ್ಟಿಷ್ಟು ಎಂದು ಹೇಳುತ್ತಿದ್ದರು. ಅಕ್ಕ ರೊಟ್ಟಿ ಬಡಿಯುವ ಕೈಯಲ್ಲೇ ತಲೆ ಮುಟ್ಟಿ ನೋಡಿಕೊಂಡಳು. ಹಿಟ್ಟು ಹತ್ತಿತು.

"ನನ್ನ ತಲಿ ಮ್ಯಾಲೂ ಐತೇನೋ ತಮ್ಮಾ?"

"ಎಲ್ಲಾರ ತಲಿ ಮ್ಯಾಲೂ ಐತಿ ಅಕ್ಕಾ."

"ನಾ ಸಹಿ ಮಾಡಿಲ್ಲಲ್ಲೋ!"

ಅಂದಿನಿಂದ ಸರ್ಕಾರದ ಖರ್ಚು ಅಂದರೆ ಅವಳ ಮನೆಯ ಖರ್ಚು. ಹಗಲು ಉರಿಯುವ ಬೀದಿ ದೀಪ ಕಂಡರೆ ಲೈನ್‌ಮನ್‌ನ ಮನೆಗೇ ಹೋಗಿ ಬಾಗಿಲು ಬಡಿಯುತ್ತಾಳೆ. ಒಮ್ಮೆ ನಾನು ಊಟದ ಡಬ್ಬಿ ಮರೆತು ಬಂದಿದ್ದೆನೆಂದು ರೋಣದ ನಮ್ಮ ಆಫೀಸಿಗೇ ಬಂದುಬಿಟ್ಟಳು. (ನಾನೊಬ್ಬ ಸರ್ಕಾರಿ ಗುಮಾಸ್ತ. ನಮ್ಮಕ್ಕನಂಥವಳ ತಮ್ಮನಾಗಿ ಇದಕ್ಕಿಂತ ಕಷ್ಟದ ಕೆಲಸ ಉಂಟೇ?) ಬಂದವಳು ಖಾಲಿ ಕುರ್ಚಿಗಳ ಮೇಲೆ ತಿರುಗುತ್ತಿದ್ದ ಫ್ಯಾನುಗಳನ್ನೆಲ್ಲ ಆರಿಸುತ್ತಾ ಹೋದಳು. ಹುರುಪಿನಲ್ಲಿ ಸಾಹೇಬರ ಫ್ಯಾನೂ ನಿಂತಿತು.

"ಯಾರ್ರೀ ಈಕಿ?" ಸಾಹೇಬರು ಬೆವರು ಒರೆಸಿಕೊಂಡರು.

"ಗೊತ್ತಿಲ್ರಿ ಸಾಹೇಬ್ರ," ಅಂದೆ ನಾನು.

"ತಮ್ಮಾ, ತಗೋ ನಿನ್ನ ಡಬ್ಬಿ," ಅಂದಳು ಅಕ್ಕ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ನನಗೆ ಮಗಳು ಹುಟ್ಟಿದಳು! ದವಾಖಾನೆಯಲ್ಲಿ ಬಂದವರೆಲ್ಲ ಮೂಗು ಅಪ್ಪನದು, ಗದ್ದ ಅಜ್ಜಿಯದು ಎಂದು ಹಂಚುತ್ತಿದ್ದರು. ಅಕ್ಕ ಕೂಸನ್ನು ಎತ್ತಿಕೊಂಡು ಬೋಳು ನೆತ್ತಿಯನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಇನ್ನೂ ನೆಟ್ಟಗ ಕಣ್ಣ ತಗದಿಲ್ಲ, ಆಗಲೇ ಸಾಲಗಾರಳಾಗ್ಯಾಳಲ್ಲೋ!"

ನಮ್ಮತ್ತೆಯವರು ಗಾಬರಿಯಾಗಿ ನನ್ನ ಹೆಂಡತಿಯ ಕಿವಿಯಲ್ಲಿ, "ಏನವಾ, ಅಳಿಯಾರು ಎಲ್ಲೆರೆ ಸಾಲ ಮಾಡ್ಯಾರೇನು?" ಎಂದು ಕೇಳಿದರು. ದೇಶದ ಸಾಲ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಈಗಲೂ ಅವರಿಗೆ ಪೂರಾ ನಂಬಿಕೆ ಬಂದಿಲ್ಲ.

ಅಕ್ಕ ಮಾತ್ರ ಅಲ್ಲೇ ನಿರ್ಧಾರ ಮಾಡಿದಳು. "ಮಂದಿ ಸೋದರತ್ತಿಯಾರು ತೊಟ್ಟಲದಾಗ ಹಾಕೂ ದಿನ ಬಂಗಾರದ ಬಳಿ ಕೊಡ್ತಾರ. ನಾ ಈಕಿ ಸಾಲ ತುಸು ಇಳಿಸಿ ಕೊಡ್ತೀನಿ."

"ಅಕ್ಕಾ, ದೇಶದ ಸಾಲ ಒಂದ ಕೂಸಿನ ತಲಿಯಿಂದ ಬ್ಯಾರೆ ಇಳಿಸಾಕ ಬರೂದಿಲ್ಲ."

"ಎಲ್ಲಾರ ತಲಿಯಿಂದ ಇಳಿಸಿದ್ರ ಈಕಿ ತಲಿಯಿಂದಾನೂ ಇಳೀತೈತಿಲ್ಲೋ, ಶಾಣ್ಯಾ?"

ಈ ಲೆಕ್ಕದಲ್ಲಿ ತಪ್ಪೆಲ್ಲಿದೆ, ನೀವೇ ಹೇಳಿ!

ಆ ಹೊತ್ತಿಗೆ ಅವಳ ಊರಿನಲ್ಲಿ ಕಮಾನಿನ ಗಲಾಟೆ ನಡೆದಿತ್ತು. ಪಂಚಾಯಿತಿಯಲ್ಲಿ ಎರಡು ಗುಂಪು. ಒಂದು ಪಾರ್ಟಿಗೆ ಹೊಲಮನೆ ಉಳ್ಳ ಗೌಡರು ಮುಂದಾಳು, ಇನ್ನೊಂದಕ್ಕೆ ಕಾಳುಕಡಿ ವ್ಯಾಪಾರದ ಸಾವುಕಾರರು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಊರಿನ ಒಂದು ತುದಿಗೆ ಗೌಡರ ಕಡೆಯವರ ಸ್ವಾಗತ ಕಮಾನು, ಇನ್ನೊಂದು ತುದಿಗೆ ಸಾವುಕಾರರ ಕಡೆಯವರ ಸ್ವಾಗತ ಕಮಾನು, ಎರಡಕ್ಕೂ ಸರ್ಕಾರ ದುಡ್ಡು ಕೊಡಬೇಕೆಂದು ನಮ್ಮ ಆಫೀಸಿಗೆ ಅರ್ಜಿ ಬಂದಿತ್ತು. ಮೋಜು ಕೇಳಿ: ಮಾತೇ ಆಡದ ಈ ಇಬ್ಬರು ಪರಸ್ಪರರ ಕಮಾನಿಗೆ ಮಾತ್ರ ತಕರಾರಿಲ್ಲದೆ ಕೈ ಎತ್ತಿದ್ದರು! ನಿನ್ನದು ಪಾಸಾದರೆ ನನ್ನದೂ ಪಾಸು.

"ನೋಡೋ ತಮ್ಮಾ," ಅಂದಳು ಅಕ್ಕ, "ಖರ್ಚು ಮಾಡೂಮುಂದ ಇಬ್ಬರೂ ಕೂಡ್ತಾರ. ಉಳಿಸೂಮುಂದ ಯಾಕ ಕೂಡೂದಿಲ್ಲ? ದಿಲ್ಲ್ಯಾಗೂ ಹಿಂಗ ಇರಬೇಕು."

ಮರುದಿನ ಮಧ್ಯಾಹ್ನ ಇಬ್ಬರಿಗೂ ಬೇರೆ ಬೇರೆಯಾಗಿ ಊಟಕ್ಕೆ ಹೇಳಿಕಳಿಸಿದಳು. ನನ್ನನ್ನೂ ಕರೆಸಿದಳು, ಬಡಿದಾಟವಾದರೆ ಬಿಡಿಸಲು. ಗೌಡರು ಬಾಗಿಲ ಕಡೆ ಕೂತರು, ಸಾವುಕಾರರು ಗೋಡೆ ಕಡೆ ತಿರುಗಿ ಕೂತರು. ಗೌಡರ ಗಂಗಾಳಕ್ಕೆ ಬಿಸಿ ರೊಟ್ಟಿ ಬಂತು. ಸಾವುಕಾರರ ಗಂಗಾಳಕ್ಕೆ ಬದನೆಕಾಯಿ ಎಣ್ಣೆಗಾಯಿ ಬಂತು. ಅಷ್ಟೇ!

"ಅಕ್ಕಾರ, ಪಲ್ಯಾ?" ಅಂದರು ಗೌಡರು.

"ಪಲ್ಯಾ ಅಲ್ಲೈತ್ರಿ, ಸಾವ್ಕಾರ್ರ ಕಡೆ."

"ಅಕ್ಕಾರ, ರೊಟ್ಟಿ?" ಅಂದರು ಸಾವುಕಾರರು.

"ರೊಟ್ಟಿ ಗೌಡ್ರ ಕಡೆ ಐತ್ರಿ. ಹೊತ್ತಿಗಿ ಇದ್ದದ್ದ ಇಷ್ಟ. ಒಲಿ ಆರಸೀನಿ."

ಎಣ್ಣೆಗಾಯಿಯ ವಾಸನೆ ಖಾನಾವಳಿ ತುಂಬ ಹರಡಿತ್ತು. ಗೌಡರು ಬರೀ ರೊಟ್ಟಿಯ ಒಂದು ತುಂಡು ಬಾಯಿಗಿಟ್ಟು, ನುಂಗಲಾರದೆ ನೀರು ಕುಡಿದರು. ಸಾವುಕಾರರು ಬದನೆಕಾಯಿಯನ್ನು ಬೆರಳಿನಿಂದ ಸರಿಸಿದರು, ಮತ್ತೆ ಸರಿಸಿದರು. ಕೊನೆಗೆ ಎದ್ದವರು ಸಾವುಕಾರರು. ಗಂಗಾಳ ಹಿಡಿದುಕೊಂಡು ಬಂದು ಗೌಡರ ಎದುರು ಕೂತು, ಅವರ ಮುಖ ನೋಡದೆಯೇ ಎಣ್ಣೆಗಾಯಿ ಬಡಿಸಿದರು. ಗೌಡರು ಅರ್ಧ ರೊಟ್ಟಿ ಆ ಕಡೆ ಇಟ್ಟರು.

"ಖಾರ ಭಾಳ ಆಗೇತಿ," ಅಂದರು ಗೌಡರು. ಎಷ್ಟೋ ವರ್ಷಗಳ ನಂತರ ಆಡಿದ ಮೊದಲ ಮಾತು.

"ಹೌದ್ರಿ, ಭಾಳ ಆಗೇತಿ," ಅಂದರು ಸಾವುಕಾರರು. ಎರಡೂ ಪಕ್ಷಗಳು ಒಮ್ಮತಕ್ಕೆ ಬಂದವು!

ಅಕ್ಕ ಅದನ್ನೇ ಕಾಯುತ್ತಿದ್ದಳು. "ಹಂಗಾರ ಕಮಾನು ಒಂದ ಸಾಕಲ್ರಿ. ಮುಂದಿನ ಮುಖ ಒಬ್ಬರದು, ಹಿಂದಿನ ಮುಖ ಒಬ್ಬರದು."

ಇಲ್ಲಿ ಮತ್ತೆ ಕೆಟ್ಟಿತು. ಕಮಾನಿನ ಮುಂದೆ 'ಸುಸ್ವಾಗತ' ಇರುತ್ತದೆ, ಹಿಂದೆ 'ಹೋಗಿ ಬನ್ನಿ' ಇರುತ್ತದೆ. ಆ ಹಿಂದಿನ ಮುಖ ಯಾರಿಗೆ ಬೇಕು? "ನಮ್ಮ ಪಾರ್ಟಿ ಹೆಸರಿನ ಮ್ಯಾಲ ಹೋಗ್ರಿ ಅಂತ ಬರಸ್ಬೇಕೇನ್ರಿ? ಇಲೆಕ್ಷನ್‌ನ್ಯಾಗ ಮಂದಿ ಖರೇನ ಹೋಗಿಬಿಡ್ತಾರ!" ಎಂದರು ಗೌಡರು. ಸಾವುಕಾರರದೂ ಅದೇ ಭಯ. ಅಕ್ಕ ಇಬ್ಬರಿಗೂ ಮಜ್ಜಿಗೆ ಕೊಟ್ಟು ತಣ್ಣಗೆ ಹೇಳಿದಳು: "ಹಂಗಾರ ಸಿಮೆಂಟಿಂದು ಒಂದೂ ಬ್ಯಾಡ್ರಿ. ರಸ್ತೆ ಈ ಕಡೆ ನೀವೊಂದ ಬೇವಿನ ಸಸಿ ಹಚ್ರಿ, ಆ ಕಡೆ ಅವರೊಂದ ಹಚ್ಲಿ. ಬೆಳದು ಮ್ಯಾಲ ಕೂಡಿದ್ರ ಅದ ಕಮಾನು. ನೆರಳರೆ ಆಗ್ತೈತಿ."

ಇಬ್ಬರೂ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ನಮ್ಮ ಸಸಿ ಮೊದಲ ಬೆಳೀತೈತಿ," ಅಂದರು ಸಾವುಕಾರರು. "ನೋಡೂಣಂತ," ಅಂದರು ಗೌಡರು. ಸಸಿಗಳು ನಾಟಿಯಾದವು. ಈಗ ಇಬ್ಬರೂ ಬೆಳಿಗ್ಗೆ ಕೊಡ ಹಿಡಿದು ಬರುತ್ತಾರೆ, ಎದುರಿನವರ ಸಸಿ ಎಷ್ಟು ಬೆಳೆದಿದೆ ಎಂದು ಹಣಿಕಿ ನೋಡುತ್ತಾರೆ. ಗೌಡರಿಗೆ ಜ್ವರ ಬಂದಾಗ ಅವರ ಸಸಿಗೂ ಸಾವುಕಾರರೇ ನೀರು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಮಾನಿನ ದುಡ್ಡು ನಮಗೆ ಬೇಡ ಎಂದು ಎರಡೂ ಕಡೆಯವರು ಸಹಿ ಹಾಕಿದ ಠರಾವು ನಮ್ಮ ಆಫೀಸಿಗೆ ಬಂದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. 'ಬೇಕು' ಎಂಬ ಕಾಗದಕ್ಕೆ ನಮ್ಮಲ್ಲಿ ಕಪಾಟುಗಳಿವೆ. 'ಬೇಡ' ಎಂಬುದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ! ಅದಿನ್ನೂ ನನ್ನ ಮೇಜಿನ ಮೇಲೇ ಇದೆ.

ತೊಟ್ಟಿಲ ಶಾಸ್ತ್ರದ ದಿನ ಬಂತು. ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಎನ್ನಬೇಕು, ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಕ್ಕ ಬಗ್ಗಿದಳು. ಹೆಂಗಸರು ಮುಷ್ಟಿ ಎತ್ತಿ ನಿಂತರು. ಅಕ್ಕ ಏಳಲೇ ಇಲ್ಲ. ಹೆಸರು ಹೇಳಲು ಇಷ್ಟು ಹೊತ್ತೇ? ಕಡೆಗೆ 'ಕುರ್ರ್' ಕೇಳಿಸಿದ್ದೇ ತಡ, ದಬದಬ ಗುದ್ದು ಬಿದ್ದವು. ಹೆಚ್ಚು ಗುದ್ದಿದವರು ನಮ್ಮತ್ತೆ.

ಬೆನ್ನು ಸವರಿಕೊಳ್ಳುತ್ತಾ ಬಂದವಳನ್ನು ಕೇಳಿದೆ, "ಅಷ್ಟೊತ್ತು ಏನ ಹೇಳಿದಿ ಅಕ್ಕಾ?"

ಅವಳು ನಗಲಿಲ್ಲ. ತೊಟ್ಟಿಲ ಕಡೆಯೇ ನೋಡುತ್ತಾ ಹೇಳಿದಳು:

"ಎರಡ ಕಮಾನಿನಷ್ಟು ಕಡಿಮಿ ಆಗೇತವಾ ಅಂದೆ. ಬಂಗಾರದ ಬಳಿ ತರಲಿಲ್ಲಂತ ಬ್ಯಾಸರಾ ಮಾಡ್ಕೋಬ್ಯಾಡ ಅಂದೆ. ಉಳಿದದ್ದಕ್ಕ ನಾವೆಲ್ಲಾರೂ ಅದೀವಿ, ನೀ ಆರಾಮ ಮಲಕೋ ಅಂದೆ."

ಈಕೆ ಯಾರೆಂದು ಇನ್ನೊಮ್ಮೆ ಯಾವ ಸಾಹೇಬರು ಕೇಳಿದರೂ ನಮ್ಮಕ್ಕ ಎಂದು ಗಟ್ಟಿಯಾಗಿ ಹೇಳಬೇಕು ಅಂದುಕೊಂಡೆ. ಅಷ್ಟು ಗದ್ದಲದ ನಡುವೆಯೂ ತೊಟ್ಟಿಲಲ್ಲಿ ಮಗಳು ಆರಾಮಾಗಿ ನಿದ್ದೆ ಹೋಗಿದ್ದಳು.